ಗುಡಿಸಲಿನಲ್ಲಿ ಒಣ ಕಟ್ಟಿಗೆ ಇಟ್ಟುಹೋದವರಿಗೆ

ಹೆಸರು ಗೊತ್ತಿಲ್ಲದಿದ್ದರೂ ನನಗೆ ತೀರ ಬೇಕಾದವರಾದ ನಿಮಗೆ,

ನೀವು ಗಂಡೋ ಹೆಣ್ಣೋ, ಬೇಲಿ ರಿಪೇರಿಗೆ ಬಂದವರೋ, ಉಣ್ಣೆ ಕತ್ತರಿಸಲು ಚಿಲೋಯೆ ದ್ವೀಪದಿಂದ ಬಂದವರೋ ನನಗೆ ತಿಳಿಯದು. ಬದುಕಿದ್ದೀರೋ ಇಲ್ಲವೋ, ಅದೂ ತಿಳಿಯದು. ನಾನು ಚಿಕ್ಕವಳಿದ್ದಾಗ ಬಂದ ಆ ದೊಡ್ಡ ಹಿಮಕ್ಕೆ ಮೊದಲು ಯಾವಾಗಲೋ, ಕೆರೆಯ ಆಚೆ ಇರುವ ಕುರಿಗಾಹಿಗಳ ಗುಡಿಸಲಿನಲ್ಲಿ ನೀವು ತಂಗಿದ್ದಿರಿ. ಹೊರಡುವ ಮುಂಚೆ ಒಲೆಯಲ್ಲಿ ಒಣ ಕಟ್ಟಿಗೆ ಜೋಡಿಸಿಟ್ಟಿರಿ. ಇಷ್ಟು ಮಾತ್ರ ಗೊತ್ತು. ಆ ಕಟ್ಟಿಗೆ ಏನಾಯಿತು ಎಂದು ನಿಮಗೆ ಯಾರೂ ಹೇಳಿರಲಾರರು, ಅದಕ್ಕೇ ಈ ಪತ್ರ.

ನಾನು ಯಾಸ್ನಾ. ಆ ಗುಡಿಸಲು ಇದ್ದ ಎಸ್ಟೇಟಿನಲ್ಲಿ ಕುರಿ ಕಾಯುತ್ತಿದ್ದ ಎಲಿಯೆಸೆರ್ ಬಾರ್ರಿಯಾನ ಮಗಳು. ಹಿಮ ಶುರುವಾದ ದಿನ ಅಪ್ಪ ದೂರದ ಹುಲ್ಲುಗಾವಲಿನಲ್ಲಿ ಸಿಕ್ಕಿಕೊಂಡಿದ್ದ ಕುರಿಗಳನ್ನು ತರಲು ಕುದುರೆ ಹತ್ತಿ ಹೋದರು. ಮರುದಿನ ಕುದುರೆ ಒಂದೇ ಮನೆಗೆ ಬಂತು. ಅಮ್ಮ ಅಳಲಿಲ್ಲ. ತಡಿ ಬಿಚ್ಚಿ, ಅದರ ಕೆಳಗಿನ ಒದ್ದೆ ಕಂಬಳಿಯನ್ನು ಒಲೆಯ ಹತ್ತಿರ ಹರವಿದಳು, ಬೆಳಿಗ್ಗೆ ಅಪ್ಪನಿಗೆ ಬೇಕಾಗುತ್ತದೆ ಎನ್ನುವ ಹಾಗೆ. ಅದು ಒಣಗಿತು, ಅಮ್ಮ ಮಡಿಸಿಟ್ಟಳು, ಮತ್ತೆ ಬಿಡಿಸಿ ಒಲೆಯ ಹತ್ತಿರ ಹಾಕಿದಳು. ಅಪ್ಪ ಇಲ್ಲದ ಆ ದಿನಗಳಲ್ಲಿ ನಾನು ಕಂಡದ್ದು ಅದೊಂದೇ ಕೆಲಸ.

ಅತ್ತ ಅಪ್ಪ ಬೇಲಿಯ ತಂತಿ ಹಿಡಿದುಕೊಂಡು ನಡೆಯುತ್ತಿದ್ದರಂತೆ. ಕಣ್ಣೆದುರು ಕೈ ಚಾಚಿದರೆ ಕೈ ಕಾಣದು, ಆದರೆ ತಂತಿ ಎಲ್ಲಿಗಾದರೂ ಮುಟ್ಟಿಸಲೇಬೇಕು. ಮುಟ್ಟಿಸಿದ್ದು ನಿಮ್ಮ ಗುಡಿಸಲಿಗೆ. ಆ ಹೊತ್ತಿಗೆ ಕೈಗಳು ಕೊಡಲಿ ಹಿಡಿಯುವುದಿರಲಿ, ಗುಂಡಿ ಬಿಚ್ಚುವ ಸ್ಥಿತಿಯಲ್ಲೂ ಇರಲಿಲ್ಲ. ಒಲೆಯ ಬಾಗಿಲು ತೆರೆದರೆ ಒಳಗೆ ಎಲ್ಲ ಸಿದ್ಧ: ಅಡಿಯಲ್ಲಿ ಸಿಬಿರು, ಮೇಲೆ ಸೀಳಿದ ಲೆಂಗಾ ಮರದ ಕಟ್ಟಿಗೆ, ಪಕ್ಕದಲ್ಲಿ ಮುಚ್ಚಳ ಬಿಗಿದ ಡಬ್ಬಿಯಲ್ಲಿ ಬೆಂಕಿಪೊಟ್ಟಣ. ಮುಚ್ಚಳವನ್ನು ಹಲ್ಲಿನಿಂದ ತೆಗೆದು, ಎರಡು ಅಂಗೈಗಳ ನಡುವೆ ಕಡ್ಡಿ ಒತ್ತಿ ಹಿಡಿದು ಗೀರಿದರಂತೆ. ಎಡಗೈಯ ಎರಡು ಬೆರಳ ತುದಿಗಳನ್ನು ಚಳಿ ತೆಗೆದುಕೊಂಡಿತು, ಉಳಿದ ಅಪ್ಪನನ್ನು ನಮಗೆ ಬಿಟ್ಟಿತು.

ಮುಂದಿನ ಬೇಸಿಗೆಯಲ್ಲಿ ಉಣ್ಣೆ ಕತ್ತರಿಸುವವರೆಲ್ಲ ಸೇರಿದಾಗ ಅಪ್ಪ ಒಬ್ಬೊಬ್ಬರನ್ನೇ ಕೇಳಿದರು. ಅವರು ನಕ್ಕರು. "ಅದನ್ನೆಲ್ಲ ಯಾರು ನೆನಪಿಟ್ಕೋತಾರೆ ಮಾರಾಯ? ನಾನೇ ಇಟ್ಟಿರಬಹುದು, ಇವನೇ ಇಟ್ಟಿರಬಹುದು. ಬಿಡು, ನೀನು ಬದುಕಿದೀಯಲ್ಲ, ಕುರಿ ಹಿಡಿ." ಹಾಗಾಗಿ ನಿಮಗೂ ನೆನಪಿಲ್ಲದೆ ಇರಬಹುದು ಎಂದು ನನಗೆ ಗೊತ್ತು.

ಈಗ ನಾವು ಪುಂತಾ ಅರೇನಾಸ್ ಪೇಟೆಯಲ್ಲಿದ್ದೇವೆ. ಗ್ಯಾಸ್ ಹೀಟರ್ ತಿರುಗಿಸಿದರೆ ಮನೆ ಬೆಚ್ಚಗಾಗುತ್ತದೆ, ಅಪ್ಪನಿಗೆ ಅದು ಒಲೆ ಎನಿಸುವುದೇ ಇಲ್ಲ. ನಾನು ಡಾಂಕೊ ಎಂಬ ಗೆಳೆಯನ ಜೊತೆ ಕಂಪ್ಯೂಟರ್ ಆಟಗಳನ್ನು ತಯಾರಿಸುತ್ತೇನೆ. ಚಿತ್ರ ನನ್ನದು, ಪ್ರೋಗ್ರಾಂ ಅವನದು. ನಮ್ಮ ಬಯಲನ್ನೇ ಹೋಲುವ ಒಂದು ಬಯಲಿನಲ್ಲಿ ಸಾವಿರಾರು ಜನ ಎಲ್ಲೆಲ್ಲಿಂದಲೋ ಬಂದು ಕುರಿ ಕಾಯುತ್ತಾರೆ. ಎಲ್ಲರಿಗೂ ಅದೊಂದೇ ಬಯಲು. ಇಷ್ಟು ದಿನ ಅಲ್ಲಿ ಬೇಸಿಗೆ ಮಾತ್ರ ಇತ್ತು. ಆಡುವವರು ಚಳಿಗಾಲ ಬೇಕು, ಚಳಿಗಾಲ ಬೇಕು ಎಂದು ನಮ್ಮ ತಲೆ ತಿಂದರು. ಸರಿ, ಮಾಡೋಣ ಎಂದು ಕೂತೆವು.

ಡಾಂಕೊ ಮೊದಲು ಮಾಡಿದ ಚಳಿ ಸರಳವಾಗಿತ್ತು. ಪರದೆಯ ಮೂಲೆಯಲ್ಲಿ ಒಂದು ಕೆಂಪು ಗೆರೆ, ಹೊರಗೆ ನಿಂತಷ್ಟೂ ಅದು ಸಣ್ಣದಾಗುತ್ತದೆ, ಮುಗಿದರೆ ಸಾವು. ಅಪ್ಪನನ್ನು ಕೂರಿಸಿ ಆಡಿಸಿದೆವು. ಅಮ್ಮ ಕರಿದು ತಂದಿಟ್ಟ ಸೊಪಾಯ್ಪಿಯಾ ರೊಟ್ಟಿ ಬಾಯಿಗೆ ಹಾಕಿಕೊಂಡು ಅಪ್ಪ ಆಡಿದರು, ಸತ್ತರು, ನಕ್ಕರು. "ಡಾಂಕೊ, ನೀನು ಚಳೀಲಿ ಓಡಾಡಿದ್ದು ಯಾವಾಗಪ್ಪ, ಕಾರಿಂದ ಇಳಿದು ಮನೆ ಬಾಗಿಲಿಗೆ ಬರೋವಾಗ್ಲಾ?"

"ಹಾಗಾದ್ರೆ ಹೆಂಗಿರುತ್ತೆ ಹೇಳಿ, ಡಾನ್ ಎಲಿಯೆಸೆರ್. ಕೂತ್ಕೊಂಡು ನಗೋದಲ್ಲ" ಎಂದ ಡಾಂಕೊ. ಹಿರಿಯರಿಗೆ ಹೇಳುವ 'ಡಾನ್' ಬಿಡದಿದ್ದರೂ ಅವನಿಗೆ ಸಿಟ್ಟು ಬಂದಿತ್ತು.

"ಕಡೇಲಿ ಚಳೀನೇ ಆಗಲ್ಲ ಕಣೋ. ಬೆಚ್ಚಗಾಗುತ್ತೆ. ಸುಖವಾಗಿ ನಿದ್ದೆ ಬರುತ್ತೆ. ತಂತಿ ಬಿಟ್ಟು ಕೂತ್ಕೊಳೋಣ ಅನ್ಸುತ್ತೆ."

ಡಾಂಕೊ ತಟ್ಟೆ ಬದಿಗಿಟ್ಟು ಕೆಂಪು ಗೆರೆಯನ್ನು ಅಳಿಸಿದ. ಈಗ ನಮ್ಮ ಆಟದಲ್ಲಿ ಮೊದಲು ಬಟ್ಟೆ ಒದ್ದೆಯಾಗುತ್ತದೆ, ಗಾಳಿ ಅದನ್ನು ಹಿಡಿಯುತ್ತದೆ, ಬೆರಳು ಮಾತು ಕೇಳದೆ ಕೈಯಲ್ಲಿದ್ದದ್ದು ಬೀಳುತ್ತದೆ. ಆಮೇಲೆ ಪರದೆಯ ಬಣ್ಣ ನಿಧಾನವಾಗಿ ಹೊಂಬಣ್ಣಕ್ಕೆ ತಿರುಗಿ ಎಲ್ಲ ಹಾಯೆನಿಸುತ್ತದೆ. ಹೆದರಬೇಕಾದದ್ದು ಆಗ.

ಇದರ ಬಗ್ಗೆ ನಮ್ಮಿಬ್ಬರಿಗೂ ಜಗಳವಿರಲಿಲ್ಲ. ಜಗಳ ಆದದ್ದು ನಿಮ್ಮ ವಿಷಯಕ್ಕೆ. ಬಯಲಿನ ತುಂಬ ಗುಡಿಸಲುಗಳನ್ನು ಬರೆದಿದ್ದೆ. ಒಳಗೆ ಒಲೆ ಇದೆ, ಆದರೆ ಮುಂಚೆ ತಂಗಿದವರು ಬಿಟ್ಟುಹೋಗಿದ್ದರೆ ಮಾತ್ರ ಅದರಲ್ಲಿ ಕಟ್ಟಿಗೆ ಇರಬೇಕು ಎಂದು ಹಟ ಹಿಡಿದೆ. "ಯಾಸ್ನಾ, ಇವರು ಬರೆಯೋ ಕಾಮೆಂಟೆಲ್ಲ ದಿನಾ ಓದೋನು ನಾನು. ಇವರು ಇಡ್ತಾರೆ ಅಂತ ನಂಬ್ತೀಯಾ?" ಎಂದು ಡಾಂಕೊ ಕೇಳಿದ. ಕೊನೆಗೆ ಒಂದು ಮಾತಿಗೆ ಬಂದೆವು. ಒಂದಷ್ಟು ಜನರಿಗೆ ಮಾತ್ರ ಚಳಿಗಾಲವನ್ನು ಮೊದಲು ಕೊಟ್ಟು ನೋಡುವುದು. ಅವರು ಕಟ್ಟಿಗೆ ಇಟ್ಟರೆ ನಾನು ಹೇಳಿದಂತೆ, ಇಡದಿದ್ದರೆ ದಿನಾ ಬೆಳಿಗ್ಗೆ ಆಟವೇ ಎಲ್ಲ ಒಲೆಗಳನ್ನೂ ತುಂಬುವುದು. ಹಾಗೆ ಆಟವೇ ತುಂಬಿದರೆ ಅದರಲ್ಲಿ ನೀವೇ ಇರುವುದಿಲ್ಲ. ನನ್ನ ಅಪ್ಪ ಬದುಕಿದ್ದು ತಾನಾಗಿ ತುಂಬಿದ ಒಲೆಯಿಂದಲ್ಲ.

ಅವರು ಇಡಲಿಲ್ಲ. ಮೊದಲ ಸಲಕ್ಕೆಂದು ನಾವಿಟ್ಟಿದ್ದ ಕಟ್ಟಿಗೆಯನ್ನೆಲ್ಲ ಹೊತ್ತೊಯ್ದರು, ಬಾಗಿಲ ಹಲಗೆ ಕಿತ್ತು ಉರಿಸಿದರು, ಒಬ್ಬನಂತೂ ಒಲೆಯನ್ನೇ ಎತ್ತಿಕೊಂಡು ಹೋಗಲು ನೋಡಿದ. ನನ್ನ ಕಣ್ಣೆದುರೇ ಯಾರೋ ನಿಮಗೆ ಅವಮಾನ ಮಾಡಿದಂತಾಯಿತು. ಆಗ ಡಾಂಕೊ, ಪಾಪ, ನನ್ನ ಮುಖ ನೋಡಲಾರದೆ ಒಂದು ಉಪಾಯ ಮಾಡಿದ: ಕಟ್ಟಿಗೆ ಇಟ್ಟವರಿಗೆ ಪಾಯಿಂಟ್, ಹೆಸರಿನ ಪಕ್ಕದಲ್ಲಿ ಒಂದು ಪದಕ. ಮರುದಿನ ಎಲ್ಲ ಒಲೆಗಳಲ್ಲೂ ಕಟ್ಟಿಗೆ ಇತ್ತು, ಒಂದೊಂದೇ ಕಡ್ಡಿ, ಕಲಾಫಾತೆ ಮುಳ್ಳುಗಿಡದ ಹಸಿ ಕಡ್ಡಿ. ಜನ ಓಡೋಡಿ ಬಂದು ಕಡ್ಡಿ ಎಸೆದು ಪದಕ ತಗೊಂಡು ಹೋಗುತ್ತಿದ್ದರು. ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು, ಆಮೇಲೆ ನಾನು ಅಡುಗೆಮನೆಗೆ ಹೋಗಿ ಅತ್ತೆ.

ಅಪ್ಪ ಅಲ್ಲೇ ಕೂತಿದ್ದರು. ಎಲ್ಲ ಹೇಳಿದೆ. "ಪದಕ ತೆಗೆದುಬಿಡು" ಎಂದರು ಮೊದಲು. ಆಮೇಲೆ ಲೋಟಕ್ಕೆ ಬಿಸಿನೀರು ಸುರಿದುಕೊಳ್ಳುತ್ತಾ, ಹಿಂದೆಂದೂ ಹೇಳದ ಒಂದು ಮಾತು ಹೇಳಿದರು. "ಆ ಹಿಮಕ್ಕೆ ಮುಂಚೆ ನಾನೇನು ಸರಿಯಾಗಿ ಇಡ್ತಿದ್ನಾ ಅನ್ಕೊಂಡಿದೀಯ? ಕೈಗೆ ಸಿಕ್ಕಿದ ಹಸಿ ಬೊಡ್ಡೆ ತಂದು ಬಿಸಾಕಿ ಹೊರಡ್ತಿದ್ದೆ. ಇಡಬೇಕು ಅಂತ ನಮ್ಮಪ್ಪ ಹೇಳ್ತಿದ್ದ, ಇಡ್ತಿದ್ದೆ, ಅಷ್ಟೇ. ಇವ್ರಿಗಿನ್ನೂ ಚಳಿ ಆಗಿಲ್ಲ ಮಗಳೇ. ಒಂದು ಚಳಿಗಾಲ ಕಳೀಲಿ ಬಿಡು."

ನಿಮ್ಮ ಒಲೆಗೆ ಸಲ್ಲದವನೊಬ್ಬ ನಿಮ್ಮ ಒಲೆಯಿಂದ ಬದುಕಿದ ಎಂದು ಬೇಸರಪಡಬೇಡಿ. ಆ ನಂತರ ಅಪ್ಪ ಇಡದ ಒಲೆಯಿಲ್ಲ. ನಾನು ಕಂಡಿದ್ದೇನೆ, ಕುದುರೆ ಹೊರಗೆ ಕಾಲು ಕೆದರುತ್ತಿದ್ದರೂ ಅವರು ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಸಿಬಿರು ಸೀಳುತ್ತಿದ್ದರು.

ಪದಕ ತೆಗೆದೆವು. ಇನ್ನು ಒಂದೇ ಒಂದು ಚಳಿಗಾಲ ಕೊಡುತ್ತೇನೆ, ಆಮೇಲೆ ಒಲೆಗಳನ್ನು ಆಟವೇ ತುಂಬುತ್ತದೆ ಎಂದು ಡಾಂಕೊ ಖಡಾಖಂಡಿತವಾಗಿ ಹೇಳಿದ. ಆಟದ ಚಳಿಗಾಲ ಬೇಗ ಬರುತ್ತದೆ. ಎರಡನೆಯದು ಬಂದಾಗ ಅಪ್ಪ ತಾವೇ ಬಂದು ಕೀಲಿಮಣೆಯ ಮುಂದೆ ಕೂತರು. ಕುರಿಗಳನ್ನು ಹುಡುಕುತ್ತಾ ದೂರ ಹೋದರು. ಗಾಳಿ ತಿರುಗಿತು. ಒಂದು ಗುಡಿಸಲು ಸಿಕ್ಕಿತು, ಅದು ಖಾಲಿ. ಅಪ್ಪ ಬೇಲಿ ಹಿಡಿದು ಮುಂದೆ ಹೊರಟರು. ಕೈಯಿಂದ ಕೊಡಲಿ ಜಾರಿತು. ಪರದೆ ಹೊಂಬಣ್ಣಕ್ಕೆ ತಿರುಗತೊಡಗಿತು. ಹೊರಗೆ ಹಾಡುಹಗಲಿತ್ತು, ಹೀಟರ್ ಉರಿಯುತ್ತಿತ್ತು, ಆದರೂ ಅಮ್ಮ ಬಂದು ಅಪ್ಪನ ಭುಜದ ಮೇಲೆ ಕೈ ಇಟ್ಟಳು.

ಇನ್ನೊಂದು ಗುಡಿಸಲು. ಅಪ್ಪ ಒಲೆಯ ಬಾಗಿಲು ತೆರೆದರು. ಅಡಿಯಲ್ಲಿ ಸಿಬಿರು, ಮೇಲೆ ಸೀಳಿದ ಲೆಂಗಾ, ಪಕ್ಕದಲ್ಲಿ ಡಬ್ಬಿ.

ಅಪ್ಪ ಮೊಂಡು ಬೆರಳಿನಿಂದ ಒಂದು ಕೀಲಿ ಒತ್ತಿದರು, ಬೆಂಕಿ ಹತ್ತಿತು. ಹಿಂದೆ ನಿಂತಿದ್ದ ಡಾಂಕೊ ಮುಂದಕ್ಕೆ ಬಾಗಿದ. "ಡಾನ್ ಎಲಿಯೆಸೆರ್, ಯಾರಿಟ್ಟಿದ್ದು ಅಂತ ನನ್ನ ಕಂಪ್ಯೂಟರಲ್ಲಿ ಸಿಗುತ್ತೆ. ಹೆಸರು, ಊರು ಎರಡೂ. ನೋಡ್ಲಾ?"

ಜೀವನವಿಡೀ ನಿಮ್ಮ ಹೆಸರು ಹುಡುಕಿದವರು ನನ್ನ ಅಪ್ಪ. ಕೀಲಿ ಒತ್ತಿ ಬೆಂಕಿಗೆ ಇನ್ನೊಂದು ಸೀಳು ಹಾಕಿದರು. "ಬೇಡ ಬಿಡು" ಎಂದರು. "ಹೆಸರು ಗೊತ್ತಾದ್ರೆ ಅವನೊಬ್ಬನಿಗೆ ಒಂದು ಕುರಿ ಕೊಟ್ಟು ಕೈ ತೊಳ್ಕೊಂಡುಬಿಡ್ತೀನಿ. ಗೊತ್ತಾಗದೆ ಇದ್ದಿದ್ದಕ್ಕೇ ಇಷ್ಟು ವರ್ಷ ಎಲ್ರಿಗೂ ಇಟ್ಟೆ."

ಬಿರುಗಾಳಿ ನಿಂತಿತು. ಅಮ್ಮ ಊಟಕ್ಕೆ ಕರೆದಳು. "ಬಂದೆ ಇರೇ" ಎಂದ ಅಪ್ಪ ಆಟದ ಕೊಡಲಿ ಹುಡುಕಿ ತಂದು, ಕಟ್ಟಿಗೆ ಸೀಳಿ, ಒಲೆ ಜೋಡಿಸಿ, ಡಬ್ಬಿಯ ಮುಚ್ಚಳ ಬಿಗಿದು, ಆಮೇಲೆ ಎದ್ದರು. ಸಾರು ತಣ್ಣಗಾಗಿತ್ತು. ಅಮ್ಮ ಬೈದಳು. ಡಾಂಕೊ ತನ್ನ ಕಂಪ್ಯೂಟರಿನ ಹತ್ತಿರ ಹೋಗಿ, ಬೆಳಿಗ್ಗೆ ಒಲೆ ತುಂಬಿಸಲು ಬರೆದಿಟ್ಟಿದ್ದ ಪ್ರೋಗ್ರಾಂ ಅಳಿಸಿ ಬಂದ.

ನಾಳೆ ಚಳಿಗಾಲ ಎಲ್ಲರಿಗೂ ಸಿಗುತ್ತದೆ. ಎಷ್ಟೋ ಗುಡಿಸಲುಗಳು ಖಾಲಿಯೇ ಇರುತ್ತವೆ, ಅದು ಗೊತ್ತಿದೆ. ಹೆಸರು ಗೊತ್ತಿದ್ದಿದ್ದರೆ ಆಟದ ಕೊನೆಯಲ್ಲಿ ನಿಮ್ಮದನ್ನೂ ಹಾಕುತ್ತಿದ್ದೆ. ಅಪ್ಪನ ಮಾತು ಕೇಳಿದ ಮೇಲೆ ಆ ಆಸೆಯನ್ನು ಬಿಟ್ಟಿದ್ದೇನೆ. ಈ ಪತ್ರವನ್ನು ಲಕೋಟೆಯಲ್ಲಿಟ್ಟು ಅಪ್ಪನ ಕೈಗೆ ಕೊಡುತ್ತೇನೆ. ಕೆರೆಯ ಆಚೆಯ ಆ ಗುಡಿಸಲು ಇನ್ನೂ ನಿಂತಿದೆಯಂತೆ, ಭಾನುವಾರ ಹೋಗೋಣ ಎನ್ನುತ್ತಿದ್ದಾರೆ. ಸಿಬಿರಿನ ಕೆಳಗೆ ಇಟ್ಟುಬರುತ್ತೇವೆ. ಮುಂದೆ ಯಾರಿಗೋ ಬೆಂಕಿ ಹಚ್ಚಲು ಕಾಗದ ಬೇಕಾಗುತ್ತದೆ. ಓದದೆ ಉರಿಸಿದರೂ ನನಗೆ ಬೇಸರವಿಲ್ಲ.

ನೀವು ಎಲ್ಲೇ ಇರಿ, ನೀವು ತೆರೆಯುವ ಒಲೆಯಲ್ಲಿ ನಿಮಗಾಗಿ ಯಾರೋ ಒಣ ಕಟ್ಟಿಗೆ ಇಟ್ಟಿರಲಿ.

ನಿಮ್ಮ ಒಲೆಯಿಂದ ಅಪ್ಪನನ್ನು ಮರಳಿ ಪಡೆದವಳು,
ಯಾಸ್ನಾ ಬಾರ್ರಿಯಾ