ಸೀಮೆಸುಣ್ಣದ ಎರಡು ಗೆರೆ

ರೀ,

ಡ್ಯೂಟಿಗೆ ಹೊರಟೆ. ಬಿದ್ದ ಮರ ಕೊಯ್ಯೋ ಮೆಷಿನ್ನಿಗೆ ಹೊಸ ಚೈನು ತಂದು ಮೇಜಿನ ಮೇಲಿಟ್ಟಿದೀನಿ. ಕನ್ನಡಕ ಹಾಕ್ಕೊಳ್ಳದೆ ಮುಟ್ಟಿದ್ರೆ ನೋಡಿ ಮತ್ತೆ. ದಿಮ್ಮಿ ಉರುಳದ ಹಾಗೆ ಎರಡೂ ಕಡೆ ಕಲ್ಲು ಕೊಡಿ.

ನಿನ್ನೆ ಚೈನು ತುಂಡಾಯ್ತು ಅಂತ ಮೆಷಿನ್ನಿಗೆ ಬೈದ್ರಲ್ಲ, ತಪ್ಪು ಅದರದ್ದಲ್ಲ. ಮಗಳ ಉಯ್ಯಾಲೆಗೆ ಅಂತ ನೀವೇ ಹೊಡೆದ ಕಬ್ಬಿಣದ ಕೊಕ್ಕೆ ಮರದೊಳಗೆ ಹುದುಗಿಹೋಗಿದೆ. ನನಗೆ ಗೊತ್ತಿತ್ತು. ಅವಳು ತೀರಿಕೊಂಡ ಮೇಲೆ ಅವಳ ಮಾತೆತ್ತಿದ್ರೆ ಸಾಕು, ನೀವು ಎದ್ದು ಹೋಗ್ತೀರ. ಅದಕ್ಕೇ ಬಾಯಿ ಬಿಡಲಿಲ್ಲ.

ಕೊಕ್ಕೆಯ ಆಚೆ ಈಚೆ ಸೀಮೆಸುಣ್ಣದಲ್ಲಿ ಗೆರೆ ಎಳೆದಿದೀನಿ. ಗೆರೆ ಮೇಲೇ ಕೊಯ್ಯಿರಿ, ನಡುವಿನ ತುಂಡಿಗೆ ಮೆಷಿನ್ ತಾಗಿಸಬೇಡಿ. ಅದು ಸೌದೆಗಲ್ಲ, ಮನೆಯೊಳಗೆ ಇರಲಿ.

ತುಂಬಾ ಭಾರ ಇರುತ್ತೆ. ಒಬ್ಬರೇ ಎತ್ತೋಕೆ ಹೋಗಬೇಡಿ, ನಾನು ಬರೋವರೆಗೂ ಕಾಯಿರಿ.