ನಿನ್ನನ್ನು ಕೇಳಿಕೊಂಡು ಬಂದವಳು

ಡೊಂಬಿವಲಿ, ಜುಲೈ ೧೯೯೬

ಸಲೋಮಿ,

ನೀನು ಹೋಗಿ ಕಳೆದ ಈಸ್ಟರಿಗೆ ವರ್ಷ ತುಂಬಿತು. ಓದುವವರಿಲ್ಲದ ಕಾಗದ ಇದು, ಆದರೂ ಹೇಳದೆ ಇರಲಾರೆ. ಇವತ್ತು ಸಂಜೆ ಚಂದ್ರಬಾಯಿ ಬಂದಿದ್ದಳು, ಎದುರಿನ ಹೊಸ ಬಿಲ್ಡಿಂಗಿಗೆ ಇಟ್ಟಿಗೆ ಹೊರುವ ಕಲಬುರ್ಗಿಯವಳು. ಸೊಂಟದ ಮೇಲೆ ಮಗಳು, ಮೈ ಕೆಂಡದ ಹಾಗೆ. ಯಾರೋ ಹೇಳಿದರಂತೆ, ನಿನ್ನ ಪ್ರಾರ್ಥನೆ ಬೇಕಂತೆ. ನೀನಿಲ್ಲವೆಂದೆ. ಮೊದಲು ಡಾಕ್ಟರಿಗೆ ತೋರಿಸು ಎಂದೆ.

“ಡಾಕ್ಟರ್ ಗುಳಿಗಿ ಕೊಟ್ಟಾನ್ರಿ, ಜ್ವರ ಇಳೀವಲ್ದು. ಬಾಯಾರು ಇಲ್ಲಾಂದ್ರ ನೀವರ ಕೈ ಇಡ್ರಿ. ನೀವೂ ಯೇಸುನ ಮಂದೀನೇ ಹೌದಲ್ರಿ?”

ಹೌದು ಎನ್ನಲು ನನಗೆ ಯಾಕೋ ತಡವಾಯಿತು. ಕಾಲೇಜಿನಲ್ಲಿ ಬೇರೆಯವರ ಹಾಜರಿ ಕೂಗುವುದಕ್ಕೆ ಬೈ ಪ್ರಾಕ್ಸಿಯೋ, ಇನ್ ಪ್ರಾಕ್ಸಿಯೋ ಏನೋ ಅನ್ನುತ್ತಿದ್ದೆವು. ದೇವರ ಮುಂದೆ ಈ ನಿನ್ನ ಗಂಡನ ಹೆಸರಿಗೂ ನೀನೇ ‘ಪ್ರೆಸೆಂಟ್ ಸರ್’ ಅಂದವಳು. ಅದಿರಲಿ. ಮಗುವಿನ ತಲೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದೆ. ಬಾಯಿಗೆ ಬಂದದ್ದು ಊಟದ ಪ್ರಾರ್ಥನೆಯೊಂದೇ: ಈ ಅನ್ನಕ್ಕಾಗಿ ಸ್ತೋತ್ರ, ಕರ್ತನೇ. ನಡುವೆ ನಿಲ್ಲಿಸುವುದು ಹೇಗೆ? ಪೂರ್ತಿ ಹೇಳಿದೆ. ಚಂದ್ರಬಾಯಿ ಗಟ್ಟಿಯಾಗಿ ‘ಆಮೆನ್’ ಅಂದಳು.

“ಅನ್ನದ ಮಾತು ಎತ್ತಿದ್ರಲ್ಲ, ಚಲೋ ಆತ್ರಿ. ಕೂಸು ತುತ್ತೇ ಮುಟ್ಟವಲ್ದು. ನಾಳಿಗೂ ಕರ್ಕೊಂಡ್ ಬರ್ತೀನಿ.”

ಹೋದಳು. ನನ್ನ ಅಂಗೈ ಇನ್ನೂ ಬಿಸಿಯಾಗಿದೆ. ನೀನು ಇಂಥ ಮಕ್ಕಳ ತಲೆ ಮುಟ್ಟಿ ಪಿಸುಗುಟ್ಟುತ್ತಿದ್ದಾಗ ನಾನು ಇದೇ ಕುರ್ಚಿಯಲ್ಲಿ ಕ್ರಾಸ್‌ವರ್ಡ್ ತುಂಬುತ್ತಿದ್ದೆ. ಆಗ ನೀನು ಏನು ಹೇಳುತ್ತಿದ್ದೆ, ಸಲೋಮಿ? ನಾಳೆ ಅವಳು ಬಂದೇ ಬರುತ್ತಾಳೆ.