ಮೈದಾನ ಬಿಡುವುದಿಲ್ಲ, ಅಮ್ಮಾ

ಜುಲೈ ೧೧, ಗುರುವಾರ

ಮುನಿಸಿಕೊಂಡಿರುವ ನನ್ನ ಅಮ್ಮನಿಗೆ, ನಿನ್ನಷ್ಟೇ ಹಟಮಾರಿ ಮಗಳ ನಮಸ್ಕಾರ.

ನಿನ್ನ ಕಾಗದ ಬಂತು. ಹಸಿ ಬಾಣಂತಿ ಬೀದಿ ಸುತ್ತುತ್ತಾಳೆ ಎಂದು ಅತ್ತೆ ಫೋನಿನಲ್ಲಿ ದೂರಿದ್ದಾರೆ. ನೀನು ಮೂರು ಪುಟ ಬೈದಿದ್ದೀಯ. ಮಗುವಿಗೆ ಐದು ತಿಂಗಳಾಯಿತು, ಅಮ್ಮಾ. ಇನ್ನೆಲ್ಲಿಯ ಹಸಿ?

ನಿನಗೂ ಹೇಳದೆ ಮುಚ್ಚಿಟ್ಟದ್ದನ್ನು ಇವತ್ತು ಹೇಳಿಬಿಡುತ್ತೇನೆ. ರಜೆ ಮುಗಿಸಿ ಶಾಲೆಗೆ ಹೋದ ಮೊದಲ ದಿನ, ಆಟದ ಟೀಚರ್ ಬಂದರು ಎಂದು ಮಕ್ಕಳು ಕುಣಿದರು. ನಾನೂ ಖುಷಿಯಲ್ಲಿ ಜೋರಾಗಿ ಸೀಟಿ ಊದಿದೆ. ಊದಿದ್ದೇ ತಡ, ಮೂತ್ರ ಜಿನುಗಿ ಬಟ್ಟೆ ಒದ್ದೆ. ಹಾಜರಿ ಪುಸ್ತಕವನ್ನು ಹಿಂದೆ ಅಡ್ಡ ಹಿಡಿದು, ಗೋಡೆಗೆ ಒರಗಿ ಪೀರಿಯಡ್ ಪೂರ್ತಿ ನಿಂತೆ. ಹನ್ನೊಂದು ವರ್ಷ ಆ ಮೈದಾನದಲ್ಲಿ ಓಡಿದವಳು! ವಿಷಯ ತಿಳಿದ ಹೆಡ್ ಮೇಡಂ, "ಲೈಬ್ರರಿ ನೋಡ್ಕೊಳ್ಳಿ, ಆರಾಮಾಗಿರುತ್ತೆ" ಎಂದರು. ಅತ್ತೆ, "ಹೆತ್ತ ಮೇಲೆ ಇದೆಲ್ಲ ಇದ್ದದ್ದೇ, ಸುಮ್ನಿರು" ಎಂದರು.

ಸುಮ್ಮನಿರಲಿಲ್ಲ. ಆಸ್ಪತ್ರೆಯ ಫಿಸಿಯೊಥೆರಪಿಸ್ಟ್ ಬಳಿ ಹೋದೆ. ಆಕೆ ಪರೀಕ್ಷೆ ಮಾಡಿ, "ತುಂಬಾ ಜನಕ್ಕೆ ಹೀಗಾಗುತ್ತೆ. ಹಾಗಂತ ಸಹಿಸ್ಕೊಂಡೇ ಇರ್ಬೇಕಾಗಿಲ್ಲ" ಎಂದಳು. ಅಷ್ಟು ಮಾತಿಗೇ ಅತ್ತುಬಿಟ್ಟೆ. ಕೆಳಗಿನ ಸ್ನಾಯುಗಳನ್ನು ಬಿಗಿ ಹಿಡಿದು ಸಡಿಲ ಬಿಡುವುದು, ಉಸಿರಿನ ಜೊತೆ ಹೊಟ್ಟೆಗೆ ಬಲ ತಂದುಕೊಳ್ಳುವುದು, ಎಲ್ಲ ಕಲಿಸಿದಳು. ಮೊದಲ ವಾರ ನಡಿಗೆ ಬೀದಿಯ ತಿರುವಿನವರೆಗೆ ಮಾತ್ರ. ಈಗ ಅರ್ಧ ಗಂಟೆ. ಆ ಹೊತ್ತು ಮಗು ನಿನ್ನ ಅಳಿಯನ ಹೆಗಲ ಮೇಲೆ. "ನನ್ ಕೈಲಾಗಲ್ಲ" ಎಂದರು. ಆಗುತ್ತಿದೆ.

ಇದೇ ತೊಂದರೆಗೆಂದು ಬಂದು ಆಸ್ಪತ್ರೆಯ ಬೆಂಚಿನಲ್ಲಿ ಪರಿಚಯವಾದ ನಾಲ್ವರನ್ನು, ಒಟ್ಟಿಗೆ ವ್ಯಾಯಾಮ ಮಾಡೋಣವೆಂದು ಕಳೆದ ಶನಿವಾರ ಬೆಳಿಗ್ಗೆ ಶಾಲೆಯ ಮೈದಾನಕ್ಕೆ ಕರೆದೆ. ಎಲ್ಲರ ಕಂಕುಳಲ್ಲೂ ಕೂಸು. ಹೆಡ್ ಮೇಡಂ ಗೇಟಿನಲ್ಲೇ ತಡೆದು, "ಇದು ಶಾಲೆ, ಹೆರಿಗೆ ಆಸ್ಪತ್ರೆ ಅಲ್ಲ" ಎಂದರು.

"ನಿಮ್ ಶಾಲೆಗೆ ಮಕ್ಕಳು ಆಕಾಶದಿಂದ ಉದುರ್ತಾರಾ ಮೇಡಂ?" ಎಂದೆ.

ಗುಂಪಿನಲ್ಲಿದ್ದ ದರ್ಜಿ ಕಿಸಕ್ಕೆಂದಳು. ಅವಳನ್ನು ನೋಡಿ ಉಳಿದವರೂ ನಕ್ಕೆವು. ನಕ್ಕವರೆಲ್ಲ ಗಾಬರಿಯಿಂದ ಕಾಲು ಒತ್ತಿಕೊಂಡು ನಿಂತೆವು. ಮೇಡಂ ಒಂದು ಕ್ಷಣ ನಮ್ಮನ್ನೇ ನೋಡಿದರು. ಬೀಗ ತೆಗೆದರು.

ಲೈಬ್ರರಿ ಬೇಡವೆಂದು ಬರೆದುಕೊಟ್ಟಿದ್ದೇನೆ. ಇನ್ನೂ ಓಡುತ್ತಿಲ್ಲ. ಫಿಸಿಯೊ ಹೂಂ ಎಂದ ದಿನ ಓಡುತ್ತೇನೆ. ನೀನು ಇನ್ನೂ ಮೂರು ಪುಟ ಬೈದರೂ ಓಡುತ್ತೇನೆ.

ಮಾತು ಕೇಳದ ನಿನ್ನ
ಮಗಳು

ತಾ.ಕ.: ಆ ಶನಿವಾರ ಮೊಮ್ಮಗುವನ್ನು ಆಡಿಸಲು ಮೈದಾನಕ್ಕೆ ಬಂದಿದ್ದ ದರ್ಜಿಯ ಅಮ್ಮ ಹೊರಡುವಾಗ ನನ್ನ ಕಿವಿಯಲ್ಲಿ, "ನಂಗೂ ಮೂವತ್ತು ವರ್ಷದಿಂದ ಹೀಗೇನೆ ಕಣಮ್ಮ" ಎಂದರು. ಥಟ್ಟನೆ ನೀನು ನೆನಪಾದೆ. ನನ್ನ ಒಂದು ಓಟದ ಪಂದ್ಯಕ್ಕೂ ನೀನು ಬರಲಿಲ್ಲ. ಕರೆದಾಗಲೆಲ್ಲ ದೂರದ ಬಸ್ಸು ನಂಗಾಗಲ್ಲ ಎನ್ನುತ್ತಿದ್ದೆ. ಮಗಳ ಆಟವೆಂದರೆ ನಿನಗೆ ತಾತ್ಸಾರ ಎಂದು ಇಷ್ಟು ವರ್ಷ ಒಳಗೊಳಗೇ ನೊಂದಿದ್ದೆ. ಕಾರಣ ಇದೇ ಆಗಿತ್ತೇನಮ್ಮಾ? ಉತ್ತರ ಬರೆಯಬೇಡ. ಹೊರಟು ಬಾ. ನಿನ್ನ ಅಳಿಯ ಕಾರು ತರುತ್ತಾರೆ. ದಾರಿಯಲ್ಲಿ ನೀನು ಹೇಳಿದಲ್ಲೆಲ್ಲ ನಿಲ್ಲಿಸುತ್ತಾರೆ, ಯಾಕೆಂದು ಕೇಳುವುದಿಲ್ಲ.